ಹಾಳೆ ತಟ್ಟೆಯ ಲೆಕ್ಕ: ಹಸಿರು ವ್ಯಾಪಾರದ ಬಿಲ್ ಯಾರ ಹೆಸರಿಗೆ?

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಪಾತ್ರೆ ತೊಳೀತಾ ಇದ್ರೆ ಇವತ್ತಿನ ವಿಷಯ ನಿಮಗೆ ಸ್ವಲ್ಪ ಜಾಸ್ತಿನೇ ಹಿಡಿಸಬಹುದು. ಯಾಕಂದ್ರೆ ಇವತ್ತು ತೊಳೆಯೋದೇ ಬೇಡದ ಒಂದು ತಟ್ಟೆ ಬಗ್ಗೆ ಮಾತು. ಅಡಿಕೆ ಹಾಳೆ ತಟ್ಟೆ.

ಕಳೆದ ಕೆಲವು ತಿಂಗಳಿಂದ ನನಗೆ ಬರೋ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಊರಿಗೆ ವಾಪಸ್ ಹೋಗಿ ಏನಾದ್ರೂ ಪರಿಸರಕ್ಕೆ ಒಳ್ಳೇದಾಗೋ ಬಿಸಿನೆಸ್ ಮಾಡ್ಬೇಕು, ಹಾಳೆ ತಟ್ಟೆ ಯೂನಿಟ್ ಹಾಕಿದ್ರೆ ಹೇಗೆ?" ಯೂಟ್ಯೂಬ್‌ನಲ್ಲಿ ಇದರ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ. ತಿಂಗಳಿಗೆ ಲಕ್ಷ ಸಂಪಾದನೆ, ಮನೆಯಲ್ಲೇ ಕೂತು ರಫ್ತು, ಇತ್ಯಾದಿ. ಅವುಗಳಲ್ಲಿ ಹೆಚ್ಚಿನವು ಮಷೀನ್ ಮಾರೋರು ಮಾಡಿದ ವಿಡಿಯೋಗಳು ಅನ್ನೋದನ್ನ ಮೊದಲೇ ಹೇಳಿಬಿಡ್ತೀನಿ. ನಾನು ಬಿಕಾಂ ಓದಿದವರು ಮಾಡೋ ಕೆಲಸ ಮಾಡ್ತೀನಿ. ತಟ್ಟೆಯನ್ನ ತಿರುಗಿಸಿ, ಅದರ ಹಿಂದೆ ಬೆಲೆ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡ್ತೀನಿ.

ಅಡಿಕೆ ಬೆಳೆಯೋದ್ರಲ್ಲಿ ಇಡೀ ದೇಶದಲ್ಲಿ ನಮ್ಮ ರಾಜ್ಯವೇ ಮುಂದೆ. ಮರ ತನ್ನ ಸೋಗೆಯನ್ನ ತಾನೇ ಉದುರಿಸುತ್ತೆ, ವರ್ಷಕ್ಕೆ ಒಂದು ಮರಕ್ಕೆ ಐದಾರು. ಸೋಗೆಯ ಬುಡದಲ್ಲಿ ಮರವನ್ನ ಅಪ್ಪಿಕೊಂಡಿರೋ ಅಗಲವಾದ ಭಾಗವೇ ಹಾಳೆ. ಇದನ್ನ ಯಾರೋ ಸ್ಟಾರ್ಟಪ್‌ನವರು ಕಂಡುಹಿಡಿದಿದ್ದಲ್ಲ. ಕರಾವಳಿಯಲ್ಲಿ ಹಾಳೆಯ ಟೋಪಿ ಹೊಲೀತಾರೆ, ತುಳುವಿನಲ್ಲಿ ಮುಟ್ಟಾಳೆ ಅಂತಾರೆ. ಮಲೆನಾಡಲ್ಲಿ ಮಳೆಗಾಲದ ಕೊಳೆರೋಗದಿಂದ ಕಾಪಾಡೋಕೆ ಅಡಿಕೆ ಕೊನೆಗೆ ಹಾಳೆಯ ಕೊಟ್ಟೆ ಕಟ್ತಿದ್ರು. ದನಕ್ಕೆ ಮೇವು, ಬಚ್ಚಲಿಗೆ ಉರುವಲು, ಮಕ್ಕಳು ಕೂತು ಎಳೆದಾಡೋ ಗಾಡಿ. ಏನೂ ಆಗದೇ ಉಳಿದಿದ್ದು ತೋಟದಲ್ಲೇ ಕೊಳೆತು ಗೊಬ್ಬರ. ಅಂದ್ರೆ "ವ್ಯರ್ಥವಾಗ್ತಿದ್ದ ಕಸದಿಂದ ಉತ್ಪನ್ನ" ಅಂತ ಪ್ಯಾಕೆಟ್ ಮೇಲೆ ಬರೀತಾರಲ್ಲ, ಅದು ಅರ್ಧ ಸತ್ಯ. ಹಾಳೆಗೆ ಮೊದಲಿಂದಲೂ ಕೆಲಸ ಇತ್ತು, ದುಡ್ಡು ಇರಲಿಲ್ಲ.

ದುಡ್ಡು ಬಂದಿದ್ದು ಕಾನೂನಿನಿಂದ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಥರ್ಮೋಕೋಲ್ ಎಲ್ಲವನ್ನೂ ನಿಷೇಧಿಸಿತು. 2021ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಒಮ್ಮೆ ಬಳಸಿ ಬಿಸಾಡೋ ಪ್ಲಾಸ್ಟಿಕ್ ತಟ್ಟೆ, ಚಮಚಗಳಿಗೆ ತಡೆ ಬಿತ್ತು. 2022ರ ಜುಲೈ 1ರಿಂದ ಇಡೀ ಭಾರತದಲ್ಲಿ ಅದೇ ತರದ ನಿಷೇಧ. ನಿಷೇಧ ಎಷ್ಟು ಜಾರಿಯಾಗಿದೆ ಅಂತ ನಿಮ್ಮ ಬೀದಿಯ ಪಾನಿಪೂರಿ ಗಾಡಿ ಹತ್ರ ಹೋದ್ರೆ ಗೊತ್ತಾಗುತ್ತೆ, ಆ ಮಾತು ಬಿಡಿ. ಆದ್ರೆ ಕಾಗದದ ಮೇಲೆ ಪ್ಲಾಸ್ಟಿಕ್ ತಟ್ಟೆ ಹೋದಾಗ ಜಾಗ ಖಾಲಿಯಾಯ್ತು. ಆ ಜಾಗಕ್ಕೆ ಕಬ್ಬಿನ ಸಿಪ್ಪೆಯ ತಟ್ಟೆ, ಪೇಪರ್ ತಟ್ಟೆ, ಹಾಳೆ ತಟ್ಟೆ ಮೂರೂ ಓಡಿಬಂದವು. ಜಿಎಸ್‌ಟಿ ಕೌನ್ಸಿಲ್ 2019ರ ಸೆಪ್ಟೆಂಬರ್‌ನಲ್ಲಿ ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ-ಲೋಟದ ಮೇಲಿದ್ದ ಶೇ. 5 ತೆರಿಗೆಯನ್ನ ಸೊನ್ನೆ ಮಾಡಿತು.

ಸೊನ್ನೆ ಅಂದ ತಕ್ಷಣ ಚಪ್ಪಾಳೆ ತಟ್ಟಬೇಡಿ, ಇದರಲ್ಲೊಂದು ಗಂಟು ಇದೆ. ನೀವು ಮಾರೋ ವಸ್ತುವಿಗೆ ತೆರಿಗೆ ಇಲ್ಲದಿದ್ರೆ, ಕೊಂಡ ವಸ್ತುಗಳಿಗೆ ಕಟ್ಟಿದ ತೆರಿಗೆಯನ್ನ ವಾಪಸ್ ಹೊಂದಿಸಿಕೊಳ್ಳೋಕೆ ಆಗಲ್ಲ. ಪ್ರೆಸ್ ಮಷೀನ್, ಅಚ್ಚು, ಪ್ಯಾಕಿಂಗ್ ಹಾಳೆ, ರಟ್ಟಿನ ಡಬ್ಬಿ, ಇದೆಲ್ಲದರ ಮೇಲಿನ ಜಿಎಸ್‌ಟಿ ತಟ್ಟೆಯ ವೆಚ್ಚದೊಳಗೇ ಕೂತುಬಿಡುತ್ತೆ. ರಫ್ತು ಮಾಡೋರಿಗೆ ಇನ್‌ಪುಟ್ ತೆರಿಗೆ ವಿಚಾರದಲ್ಲಿ ಬೇರೆ ದಾರಿ ಇದೆ, ದೇಶದೊಳಗೆ ಮಾರೋರಿಗೆ ಇಲ್ಲ. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ತಟ್ಟೆ ಆಗೋದು ಹೇಗೆ ಅಂತ ನೋಡೋಣ. ಹಾಳೆ ಬಿದ್ದ ಒಂದೆರಡು ದಿನದಲ್ಲೇ ಹೆಕ್ಕಬೇಕು. ಇಬ್ಬನಿ, ಮಳೆ ತಾಗಿದ್ರೆ ಕಪ್ಪು ಚುಕ್ಕೆ ಬರುತ್ತೆ, ಬೂಷ್ಟು ಹಿಡಿಯುತ್ತೆ. ಹೆಕ್ಕಿ, ಸೋಗೆ ಕತ್ತರಿಸಿ, ಬಿಸಿಲಲ್ಲಿ ಒಣಗಿಸಿ, ಕಟ್ಟು ಕಟ್ಟಿ, ನೀರು ಸೋರದ ಶೆಡ್‌ನಲ್ಲಿ ಒಟ್ಟಬೇಕು. ಬೇಕಾದಾಗ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿ, ಉಜ್ಜಿ ತೊಳೆದು, ನೀರು ಬಸಿದು, ಕಾದ ಅಚ್ಚಿನ ಮಧ್ಯೆ ಇಟ್ಟು ಒತ್ತಬೇಕು. ಅಂಚು ಕತ್ತರಿಸಿದ್ರೆ ತಟ್ಟೆ ರೆಡಿ. ಅಂಟು, ಮೇಣ, ಬಣ್ಣ ಏನೂ ಇಲ್ಲ. ದೊಡ್ಡ ಹಾಳೆಯಾದ್ರೆ ಮಧ್ಯದಲ್ಲಿ ಒಂದು ದೊಡ್ಡ ತಟ್ಟೆ, ಉಳಿದ ತುದಿಯಲ್ಲಿ ಒಂದು ದೊನ್ನೆ. ಚೂರುಗಳು ದನಕ್ಕೆ ಅಥವಾ ಗೊಬ್ಬರದ ಗುಂಡಿಗೆ.

ಕೇಳೋಕೆ ಇಷ್ಟು ಸುಲಭ. ಕಷ್ಟ ಇರೋದು ಕ್ಯಾಲೆಂಡರ್‌ನಲ್ಲಿ. ಒಳ್ಳೆ ಹಾಳೆ ಸಿಗೋದು ಡಿಸೆಂಬರ್‌ನಿಂದ ಮೇ ತನಕ. ಮಳೆಗಾಲದಲ್ಲಿ ಹಾಳೆ ಬಿದ್ರೂ ಒಣಗಿಸೋಕೆ ಬಿಸಿಲಿಲ್ಲ. ಹಾಗಾಗಿ ಇಡೀ ವರ್ಷದ ಕಚ್ಚಾ ಮಾಲನ್ನ ಐದಾರು ತಿಂಗಳಲ್ಲೇ ಕೊಂಡು ಇಡಬೇಕು. ಅದೂ ನಗದು ಕೊಟ್ಟು. ಹಾಳೆ ಹೆಕ್ಕಿ ತರೋ ಹೆಂಗಸರು, ತೋಟದ ಕೆಲಸದವರು ಸಾಲ ಕೊಟ್ಟು ಕಾಯೋರಲ್ಲ, ಕಾಯಬಾರದು ಕೂಡ. ಅಂದ್ರೆ ಈ ಸರಪಳಿಯ ಕೆಳಗಿನ ಕೊಂಡಿಗೆ ದುಡ್ಡು ಅವತ್ತೇ ಹೋಗುತ್ತೆ. ಮೇಲಿನ ಕೊಂಡಿಯಿಂದ ದುಡ್ಡು ಯಾವಾಗ ಬರುತ್ತೆ? ಇವತ್ತಿನ ಕಂತಿನ ಮುಖ್ಯ ಪ್ರಶ್ನೆ ಅದೇ.

ಕಳೆದ ಮಳೆಗಾಲದಲ್ಲಿ ಪುತ್ತೂರು ಕಡೆ ಒಂದು ಸಣ್ಣ ಘಟಕಕ್ಕೆ ಹೋಗಿದ್ದೆ. ನಡೆಸೋರು ಒಬ್ಬ ಅಕ್ಕ, ನಲವತ್ತು ದಾಟಿದೆ. ಹೆಸರು ಹಾಕಬೇಡಿ ಅಂದ್ರು, ಹಾಕಲ್ಲ. ಮನೆ ಪಕ್ಕದ ಶೆಡ್‌ನಲ್ಲಿ ನಾಲ್ಕು ಪ್ರೆಸ್, ಆರು ಜನ ಹೆಂಗಸರು. ನಾನು ಹೋದಾಗ ಎರಡೇ ಪ್ರೆಸ್ ಓಡ್ತಾ ಇತ್ತು. ಒಳಗೆ ಕಾಲಿಟ್ಟರೆ ಒಂಥರಾ ಸಿಹಿ ವಾಸನೆ, ಬಿಸಿ ಅಚ್ಚಿಗೆ ಒದ್ದೆ ಹಾಳೆ ತಾಗಿದಾಗ ಬರೋದು. ಮೂಲೆಯಲ್ಲಿ ಮಾಡಿನವರೆಗೆ ಹಾಳೆಯ ಕಟ್ಟು. ಆ ಕಟ್ಟು ತೋರಿಸಿ ಅಕ್ಕ ಹೇಳಿದ್ದು: "ಇದೆಲ್ಲ ದುಡ್ಡು ಮಾರಾಯ್ರೆ. ಬ್ಯಾಂಕಿನವರು ನೋಡ್ಲಿಕ್ಕೆ ಬಂದಿದ್ರು. ಸ್ಟಾಕ್ ಎಲ್ಲಿ ಉಂಟು ಅಂತ ಕೇಳಿದ್ರು. ಇದೇ ಸ್ಟಾಕ್ ಅಂದೆ. ನಕ್ಕರು."

ಆ ನಗುವಿನಲ್ಲಿ ಒಂದು ಬ್ಯಾಲೆನ್ಸ್ ಶೀಟ್ ಸಮಸ್ಯೆ ಇದೆ. ದಾರದ ಉಂಡೆ, ಕಬ್ಬಿಣದ ಸರಳು ಗೋಡೌನ್‌ನಲ್ಲಿದ್ರೆ ಬ್ಯಾಂಕ್ ಅದಕ್ಕೆ ಬೆಲೆ ಕಟ್ಟಿ ಓಡಿ ಮಿತಿ ಕೊಡುತ್ತೆ. ಒಣ ಹಾಳೆಗೆ ಮಂಡಿ ದರ ಇಲ್ಲ, ಪತ್ರಿಕೆಯಲ್ಲಿ ಧಾರಣೆ ಬರಲ್ಲ. ಅಡಿಕೆಗೆ ದಿನಾ ಧಾರಣೆ ಬರುತ್ತೆ, ಅದೇ ಮರದ ಹಾಳೆಗೆ ಇಲ್ಲ. ಹಾಗಾಗಿ ಮಷೀನ್‌ಗೆ ಸಾಲ ಸಿಕ್ಕಿದ್ರೂ ಹಾಳೆ ಕೊಳ್ಳೋಕೆ ಸಿಕ್ಕಲ್ಲ. ಪಿಎಂಇಜಿಪಿ ಯೋಜನೆಯಲ್ಲಿ ಹಳ್ಳಿಯ ಮಹಿಳಾ ಉದ್ಯಮಿಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ ಇದೆ, ತಯಾರಿಕಾ ಘಟಕಕ್ಕೆ 50 ಲಕ್ಷದ ತನಕ ಯೋಜನೆ ಹಾಕಬಹುದು. ಒಳ್ಳೆ ಯೋಜನೆ. ಆದ್ರೆ ನಾನು ಮಾತಾಡಿಸಿದ ಘಟಕದವರಿಗೆ ಮಷೀನ್ ಒಂದು ತಲೆನೋವಾಗಿರಲಿಲ್ಲ. ಅವರು ಒದ್ದಾಡ್ತಿದ್ದಿದ್ದು ಫೆಬ್ರವರಿಯಲ್ಲಿ ಕೈಯಲ್ಲಿ ನಗದು ಇಲ್ಲದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಇವು ಉದಾಹರಣೆಗೆ ನಾನೇ ಹಾಕಿಕೊಂಡ ಅಂಕಿಗಳು, ಮಾರ್ಕೆಟ್ ರೇಟ್ ಅಂತ ತಿಳ್ಕೋಬೇಡಿ. ಒಂದು ತಟ್ಟೆ ಮಾಡೋಕೆ ಎಲ್ಲಾ ಸೇರಿ 3 ರೂಪಾಯಿ 70 ಪೈಸೆ ಬೀಳುತ್ತೆ, 4 ರೂಪಾಯಿಗೆ ಮಾರ್ತೀರಿ. ಮೂವತ್ತು ಪೈಸೆ ಲಾಭ. 50,000 ತಟ್ಟೆ ಆರ್ಡರ್ ಬಂತು. ನಿಮ್ಮ ಖರ್ಚು 1 ಲಕ್ಷದ 85 ಸಾವಿರ, ಲಾಭ 15 ಸಾವಿರ. ಕೊಂಡವರು 45 ದಿನಕ್ಕೆ ದುಡ್ಡು ಕೊಡ್ತೀವಿ ಅಂದಿದ್ರು, ಕೊಟ್ಟಿದ್ದು 120ನೇ ದಿನ. ಆ 75 ದಿನ ಜಾಸ್ತಿಗೆ, ಶೇ. 12ರ ಬಡ್ಡಿಯಲ್ಲಿ, ನಿಮ್ಮ 1.85 ಲಕ್ಷದ ಮೇಲೆ ಬೀಳೋ ಬಡ್ಡಿ ಸುಮಾರು 4,500 ರೂಪಾಯಿ. ಹದಿನೈದು ಸಾವಿರದಲ್ಲಿ ನಾಲ್ಕೂವರೆ ಸಾವಿರ ಹೋಯ್ತು, ಬರೀ ಕಾದಿದ್ದಕ್ಕೆ. ಕೈಸಾಲ ತಂದಿದ್ರೆ ಬಡ್ಡಿ ಶೇ. 12 ಅಲ್ಲ, ಎಷ್ಟು ಅಂತ ನಿಮಗೇ ಗೊತ್ತು.

ಈ ಕಾರಣಕ್ಕೇ ನನಗೆ ದೊಡ್ಡ ಕಂಪನಿಗಳ "ಹಸಿರು ಪೂರೈಕೆ ಸರಪಳಿ" ಅನ್ನೋ ಪಿಪಿಟಿಗಳ ಬಗ್ಗೆ ಸ್ವಲ್ಪ ಅನುಮಾನ. ಕ್ಯಾಂಟೀನ್‌ನಲ್ಲಿ ಹಾಳೆ ತಟ್ಟೆ ಇಟ್ಟು ಫೋಟೋ ತೆಗೆದು ವಾರ್ಷಿಕ ವರದಿಯಲ್ಲಿ ಹಾಕ್ತಾರೆ. ಆ ತಟ್ಟೆಯ ಬಿಲ್ ಅಕೌಂಟ್ಸ್ ವಿಭಾಗದಲ್ಲಿ ನಾಲ್ಕು ತಿಂಗಳು ಮಲಗಿರುತ್ತೆ. ಎರಡೂ ಒಂದೇ ಕಟ್ಟಡದಲ್ಲಿ.

ಕಾನೂನು ಇಲ್ವಾ ಅಂದ್ರೆ, ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದ ಇದ್ರೆ ಹೆಚ್ಚೆಂದ್ರೆ 45 ದಿನ, ಒಪ್ಪಂದ ಇಲ್ಲದಿದ್ರೆ 15 ದಿನದಲ್ಲಿ ದುಡ್ಡು ಕೊಡಬೇಕು. ತಡ ಮಾಡಿದ್ರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ದೂರು ಕೊಡೋಕೆ ಸಮಾಧಾನ್ ಪೋರ್ಟಲ್ ಇದೆ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆಗೆ 43ಬಿ(ಎಚ್) ಅನ್ನೋ ಕಲಂ ಸೇರಿಸಿ ಹಿಡಿತ ಇನ್ನೂ ಬಿಗಿ ಮಾಡಿದ್ರು: ಗಡುವು ಮೀರಿದ್ರೆ, ನಿಜವಾಗಿ ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚನ್ನ ಕೊಂಡವರು ತೋರಿಸಿಕೊಳ್ಳಬಹುದು. ಮಾರ್ಚ್ 31ಕ್ಕೆ ಬಾಕಿ ಇಟ್ಟರೆ ಆ ವರ್ಷ ತೆರಿಗೆ ಜಾಸ್ತಿ.

ಆದ್ರೆ ಇದರಲ್ಲಿ ಮೂರ್ನಾಲ್ಕು ತೂತು. ನೀವು ಉದ್ಯಮ್ ನೋಂದಣಿ ಮಾಡಿಸಿರಬೇಕು. ಮೊಬೈಲ್‌ನಲ್ಲೇ ಆಗುತ್ತೆ, ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ನೀವು ತಯಾರಕರೋ ಸೇವೆ ಕೊಡೋರೋ ಆಗಿರಬೇಕು, ಬರೀ ಕೊಂಡು ಮಾರೋ ವ್ಯಾಪಾರಿಗೆ ಈ ರಕ್ಷಣೆ ಸಿಗಲ್ಲ. ಇನ್ನು ಕೊಂಡವರು ಸಣ್ಣ ವ್ಯಾಪಾರಿಯಾಗಿದ್ದು 44ಎಡಿ ಪ್ರಕಾರ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟೋರಾದ್ರೆ 43ಬಿ(ಎಚ್) ಅವರಿಗೆ ತಾಗೋದೇ ಇಲ್ಲ. ಹಾಳೆ ತಟ್ಟೆ ಹೋಗೋದು ಹೆಚ್ಚಾಗಿ ಯಾರ ಮೂಲಕ? ಇದೇ ಮಧ್ಯದ ವ್ಯಾಪಾರಿಗಳ ಮೂಲಕ. ಕೊನೆಯದು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ. ಪುತ್ತೂರಿನ ಅಕ್ಕನಿಗೆ ನಾನು ಸಮಾಧಾನ್ ಪೋರ್ಟಲ್ ಬಗ್ಗೆ ಹೇಳಿದೆ. ಅವರು ಪ್ರೆಸ್ ಕಡೆನೇ ನೋಡ್ತಾ ಹೇಳಿದ್ರು, "ಕಂಪ್ಲೇಂಟ್ ಕೊಡ್ಬಹುದು. ಮತ್ತೆ ಅವರಿಗೇ ಅಲ್ವಾ ನಾವು ಮಾರ್ಬೇಕಾದ್ದು?"

ಸೆಬಿ ವಿಷಯವೂ ಒಂಚೂರು ಹೇಳ್ಬೇಕು. ಷೇರುಪೇಟೆಯಲ್ಲಿರೋ ಮೊದಲ ಸಾವಿರ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಅನ್ನೋ ವರದಿ ಕೊಡಲೇಬೇಕು. ಪರಿಸರ, ಕಾರ್ಮಿಕರು, ಆಡಳಿತ ಎಲ್ಲದರ ಲೆಕ್ಕ. ಆಮೇಲೆ ನಿಮ್ಮ ಪೂರೈಕೆದಾರರ ಲೆಕ್ಕವನ್ನೂ ಕೊಡಿ ಅಂದ್ರು. 2025ರ ಮಾರ್ಚ್‌ನಲ್ಲಿ ಅದನ್ನ ಸಡಿಲ ಮಾಡಿದ್ರು, ಮೊದಲ 250 ಕಂಪನಿಗಳಿಗೆ ಸ್ವಯಂಪ್ರೇರಿತವಾಗಿ ಕೊಡಿ ಅಂತ. ಅಲ್ಲೂ, ಕಂಪನಿಯ ಒಟ್ಟು ಖರೀದಿ ಅಥವಾ ಮಾರಾಟದಲ್ಲಿ ಶೇ. 2 ಅಥವಾ ಅದಕ್ಕಿಂತ ಹೆಚ್ಚು ಪಾಲಿರೋರನ್ನ ಲೆಕ್ಕಕ್ಕೆ ತಗೊಂಡ್ರೆ ಸಾಕು. ಸಾವಿರಾರು ಕೋಟಿ ಖರೀದಿಯಲ್ಲಿ ಶೇ. 2 ಅಂದ್ರೆ ಎಷ್ಟು ಕೋಟಿ ಅಂತ ಮನಸಲ್ಲೇ ಗುಣಿಸಿ. ತಟ್ಟೆ ಒತ್ತೋ ಘಟಕ ಆ ಗೆರೆಯ ಹತ್ತಿರಕ್ಕೂ ಬರಲ್ಲ. ಸಣ್ಣವರ ಮೇಲೆ ಫಾರ್ಮ್ ತುಂಬೋ ಹೊರೆ ಬೀಳಲಿಲ್ಲ ಅನ್ನೋದು ಒಳ್ಳೇದೇ. ಆದ್ರೆ ಕೊಂಡವರು ಇವರನ್ನ ಹೇಗೆ ನಡೆಸಿಕೊಂಡ್ರು ಅನ್ನೋದೂ ಅದೇ ಗೆರೆಯ ಕೆಳಗೆ ಉಳೀತು.

ಸರಿ, ಈಗ ನಿಜವಾದ ಪೆಟ್ಟಿನ ಕಥೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆಗಳಿಗೆ ಬಾಗಿಲು ಹಾಕಿತು. ಅಡಿಕೆ ಗಿಡದಲ್ಲಿರೋ ಆಲ್ಕಲಾಯ್ಡ್ ಅನ್ನೋ ಅಂಶಗಳು ತಟ್ಟೆಯಿಂದ ಆಹಾರಕ್ಕೆ ಸೇರಬಹುದು, ಹಾಗಾಗಿ ಊಟಕ್ಕೆ ಬಳಸೋದು ಸುರಕ್ಷಿತ ಅಲ್ಲ ಅನ್ನೋದು ಅವರ ವಾದ. ಅಮೆರಿಕಕ್ಕೆ ಮಾಲು ಕಳಿಸ್ತಿದ್ದೋರಿಗೆ ಆರ್ಡರ್ ನಿಂತುಹೋಯ್ತು.

ಇದರ ಹಿನ್ನೆಲೆ ಅರ್ಥ ಮಾಡ್ಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, ಅಡಿಕೆ ಕಾಯಿಯನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಲ್ಲಿ ಇಟ್ಟಿದೆ. ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ಆಲ್ಕಲಾಯ್ಡನ್ನ "ಸಾಧ್ಯತೆ ಇದೆ" ಅನ್ನೋ 2ಬಿ ಗುಂಪಲ್ಲಿ ಇಟ್ಟಿದೆ. ತಟ್ಟೆ ಮಾಡೋರು ಹೇಳೋದು, ಕಾಯಿ ಬೇರೆ, ಹಾಳೆ ಬೇರೆ, ಕಾಯಿ ಜಗಿಯೋದಕ್ಕೂ ಹಾಳೆಯಲ್ಲಿ ಇಡ್ಲಿ ತಿನ್ನೋದಕ್ಕೂ ಹೋಲಿಕೆ ಇಲ್ಲ ಅಂತ. ತಲೆತಲಾಂತರದಿಂದ ಬಳಸ್ತಿದ್ದೀವಿ ಅಂತ. ನನಗೂ ಕೇಳಿದ ಕೂಡಲೇ ಅದೇ ಸರಿ ಅನ್ಸುತ್ತೆ. ಆದ್ರೆ ಅಜ್ಜಿ ಕಾಲದಿಂದ ಬಳಸ್ತಿದ್ದೀವಿ ಅನ್ನೋದು ಕಸ್ಟಮ್ಸ್ ಅಧಿಕಾರಿಯ ಮುಂದೆ ಇಡೋ ಕಾಗದ ಅಲ್ಲ. ಬಿಸಿ ಸಾರು, ಎಣ್ಣೆ, ಹುಳಿ ತಾಗಿದಾಗ ತಟ್ಟೆಯಿಂದ ಏನು ಎಷ್ಟು ಹೊರಬರುತ್ತೆ ಅನ್ನೋ ಪರೀಕ್ಷಾ ವರದಿ ಬೇಕು. ಹಾಳೆಗೂ ಕಾಯಿಗೂ ವ್ಯತ್ಯಾಸ ಇದ್ರೆ ಅದು ಆ ವರದಿಯಲ್ಲಿ ಅಂಕಿಯಾಗಿ ಕಾಣ್ಬೇಕು.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಈ ತಟ್ಟೆಯನ್ನ ಇಷ್ಟು ವರ್ಷ ಮಾರಿದ್ದು ಒಂದೇ ಮಾತಿನ ಮೇಲೆ: ಬಿಸಾಡಿದ್ರೆ ಮಣ್ಣಾಗುತ್ತೆ. ನಿಜ, ಆಗುತ್ತೆ. ಆದ್ರೆ ತಟ್ಟೆ ಮಣ್ಣಾಗೋದಕ್ಕೆ ಮುಂಚೆ ಅದರಲ್ಲಿ ಊಟ ಮಾಡ್ತಾರಲ್ಲ? ಆ ಭಾಗದ ಕೆಲಸಕ್ಕೆ ಈ ಸರಪಳಿಯಲ್ಲಿ ಯಾರು ಮೊದಲೇ ದುಡ್ಡು ಹಾಕಬೇಕಿತ್ತು? ನಾಲ್ಕು ಪ್ರೆಸ್ ಇಟ್ಟುಕೊಂಡ ಘಟಕಕ್ಕೆ ಇಂಥ ಪರೀಕ್ಷೆ ಮಾಡಿಸೋ ಶಕ್ತಿ ಇಲ್ಲ. ನಮ್ಮಲ್ಲಿ ಮೂವತ್ತು ಪೈಸೆ ಲಾಭಕ್ಕೆ ಮಾಡಿದ ತಟ್ಟೆಯನ್ನ ಆ ಕಡೆ ಚಂದದ ಪ್ಯಾಕೆಟ್‌ನಲ್ಲಿ ಡಾಲರ್‌ಗೆ ಮಾರಿದ ಬ್ರ್ಯಾಂಡ್‌ಗಳಿಗೆ ಇತ್ತು. ತಡೆ ಬಂದ ದಿನ ಬ್ರ್ಯಾಂಡ್‌ನವರು ಕಬ್ಬಿನ ಸಿಪ್ಪೆಯ ತಟ್ಟೆಗೆ ಹೊರಳಬಹುದು. ಅಕ್ಕನ ಅಚ್ಚುಗಳು ಹಾಳೆಗೆ ಮಾತ್ರ ಆಗೋದು, ಸಾಲವೂ ಅದರ ಮೇಲೆನೇ ಇರೋದು.

ಅವರು ನೇರವಾಗಿ ರಫ್ತು ಮಾಡ್ತಿರಲಿಲ್ಲ, ಒಬ್ಬ ರಫ್ತುದಾರರಿಗೆ ಕೊಡ್ತಿದ್ರು. ಮೇ ಕೊನೆಗೆ ಫೋನ್ ಬಂತಂತೆ, ಸದ್ಯಕ್ಕೆ ಮಾಲು ಕಳಿಸಬೇಡಿ ಅಂತ. ಅಷ್ಟು ಹೊತ್ತಿಗೆ ಇಡೀ ವರ್ಷದ ಹಾಳೆ ಕೊಂಡಾಗಿತ್ತು. ಮಾಡಿನವರೆಗೆ ಕಟ್ಟು ಕಂಡೆ ಅಂದ್ನಲ್ಲ, ಅದೇ ಅದು.

"ಆಮೇಲೆ ಏನು ಮಾಡಿದ್ರಿ ಅಕ್ಕ?" ಅಂತ ಕೇಳಿದೆ.

"ಎಂತ ಮಾಡುವುದು? ಬೆಂಗಳೂರಿಗೆ ಕೊಡ್ಲಿಕ್ಕೆ ಶುರು ಮಾಡಿದೆ. ಊರಲ್ಲಿ ಮಾರ್ಲಿಕ್ಕೆ ಕಷ್ಟ. ಇಲ್ಲಿ ಎಲ್ಲರ ಹಿತ್ತಿಲಲ್ಲಿ ಬಾಳೆ ಉಂಟು, ತಟ್ಟೆಗೆ ಯಾರು ದುಡ್ಡು ಕೊಡ್ತಾರೆ?"

ಬೆಂಗಳೂರಿನ ಕೇಟರಿಂಗ್‌ನವರು ಕೇಳೋದು ಒಂದೇ, ರೇಟ್ ಎಷ್ಟು. ಒಳಗೆ ತೆಳು ಪ್ಲಾಸ್ಟಿಕ್ ಪದರ ಇರೋ ಪೇಪರ್ ತಟ್ಟೆ ಅದಕ್ಕಿಂತ ಕಡಿಮೆಗೆ ಸಿಗುತ್ತೆ. ಜೊತೆಗೆ ನಾನು ಮೊದಲು ಹೇಳಿದ ಜಿಎಸ್‌ಟಿ ಗಂಟು ಇಲ್ಲಿ ಬಂದು ಬಿಗಿಯುತ್ತೆ. ರಫ್ತಿನ ದಾರಿ ಮುಚ್ಚಿ ದೇಶದೊಳಗೆ ಮಾರೋಕೆ ಬಂದ್ರೆ, ಕೊಂಡ ಮಾಲಿನ ತೆರಿಗೆ ಪೂರ್ತಿ ನಿಮ್ಮ ತಲೆ ಮೇಲೆ.

ಇಲ್ಲಿ ಇನ್ನೊಂದು ಮಾತು ಹೇಳದೇ ಇರೋಕಾಗಲ್ಲ, ತಟ್ಟೆ ಮಾಡೋರಿಗೆ ಬೇಜಾರಾದ್ರೂ ಸರಿ. ನಿಮ್ಮ ಮನೆ ಗೃಹಪ್ರವೇಶಕ್ಕೆ ನೂರು ಜನ ಬರ್ತಾರೆ, ನೀರು ಇದೆ, ತೊಳೆಯೋರು ಇದ್ದಾರೆ ಅಂದ್ರೆ ಸ್ಟೀಲ್ ತಟ್ಟೆನೇ ವಾಸಿ. ಬೆಂಗಳೂರಲ್ಲಿ ಅದಮ್ಯ ಚೇತನ ಸಂಸ್ಥೆ ತಟ್ಟೆ ಬ್ಯಾಂಕ್ ನಡೆಸುತ್ತೆ, ಸಮಾರಂಭಕ್ಕೆ ಸ್ಟೀಲ್ ತಟ್ಟೆ-ಲೋಟ ತಗೊಂಡು ಹೋಗಿ ವಾಪಸ್ ಕೊಡೋದು. ನೂರು ಸಲ ಬಳಸೋ ತಟ್ಟೆಯ ಮುಂದೆ ಒಂದು ಸಲ ಬಳಸೋ ಯಾವ ತಟ್ಟೆಯೂ ಹಸಿರು ಅಂತ ಎದೆ ತಟ್ಟಿಕೊಳ್ಳೋಕಾಗಲ್ಲ. ಹಾಳೆ ತಟ್ಟೆಯ ಜಾಗ ಎಲ್ಲಿ ಅಂದ್ರೆ ನೀರಿಲ್ಲದ ಕಡೆ. ಜಾತ್ರೆ, ಮೈದಾನ, ಬೀದಿಬದಿ ಚಾಟ್ ಗಾಡಿ, ರೈಲಿನ ಊಟ. ಅಲ್ಲಿ ಅದರ ಸ್ಪರ್ಧೆ ಸ್ಟೀಲ್ ಜೊತೆ ಅಲ್ಲ, ಪ್ಲಾಸ್ಟಿಕ್ ಜೊತೆ. ಅಲ್ಲಿ ಅದು ಗೆಲ್ಲಬೇಕು.

ಇದೇ ಲೆಕ್ಕದಲ್ಲಿ ಕಂಟೈನರ್ ಹಡಗು ಹತ್ತಿಸಿ ಸಾವಿರಾರು ಮೈಲಿ ಆಚೆ ಕಳಿಸೋ ತಟ್ಟೆ ಎಷ್ಟು ಹಸಿರು? ಒಂದಕ್ಕೊಂದು ಸಿಕ್ಕಿಸಿ ಜೋಡಿಸಿದ್ರೂ ಮೇಲೆ ಪ್ಲಾಸ್ಟಿಕ್ ಶ್ರಿಂಕ್ ಸುತ್ತಲೇಬೇಕು, ಇಲ್ಲಾಂದ್ರೆ ತೇವ ಹಿಡಿದು ಬೂಷ್ಟು. ಪ್ಲಾಸ್ಟಿಕ್ ಬೇಡ ಅಂತ ಮಾಡಿದ ತಟ್ಟೆ ಪ್ಲಾಸ್ಟಿಕ್ ಅಂಗಿ ಹಾಕ್ಕೊಂಡು ಹೋಗುತ್ತೆ. ನಾನು ಇದನ್ನ ಆಡಿಕೊಳ್ಳೋಕೆ ಹೇಳ್ತಿಲ್ಲ, ಆ ಪ್ಯಾಕಿಂಗ್ ಇಲ್ಲದೆ ರಫ್ತು ನಡೆಯಲ್ಲ. ಹಾಳೆ ಹಗುರ, ಆದ್ರೆ ಜಾಗ ಜಾಸ್ತಿ ತಿನ್ನುತ್ತೆ. ಒಂದು ಪಿಕಪ್ ತುಂಬಾ ಹೇರಿದ್ರೂ ತೂಕ ಕಮ್ಮಿ. ದೂರದಿಂದ ತಂದಷ್ಟೂ ಡೀಸೆಲ್ ಖರ್ಚು ತಟ್ಟೆಯ ಮೇಲೆ ಬೀಳುತ್ತೆ. ಹಾಗಾಗಿ ಲಾಭಕ್ಕೂ ಪರಿಸರಕ್ಕೂ ಎರಡಕ್ಕೂ ಹೊಂದೋದು ತೋಟದ ಪಕ್ಕದಲ್ಲೇ ಇರೋ ಸಣ್ಣ ಘಟಕ. ದೊಡ್ಡ ಫ್ಯಾಕ್ಟರಿ ಕಟ್ಟಿ ನಾಲ್ಕು ಜಿಲ್ಲೆಯ ಹಾಳೆ ಹೊತ್ತು ತಂದ್ರೆ ಎರಡೂ ಕೆಡುತ್ತೆ.

ತೋಟದ ಕಡೆಯೂ ಒಂದು ಪ್ರಶ್ನೆ ಇದೆ. "ರಾಸಾಯನಿಕ ಮುಕ್ತ" ಅಂತ ಪ್ಯಾಕೆಟ್ ಮೇಲೆ ಬರೀತಾರೆ. ತಟ್ಟೆ ಮಾಡುವಾಗ ಏನೂ ಹಾಕಲ್ಲ, ಸರಿ. ಆದ್ರೆ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ತೋಟ ಎಷ್ಟಿದೆ? ಈಗ ಮಲೆನಾಡು, ಕರಾವಳಿಯಲ್ಲಿ ಎಲೆಚುಕ್ಕಿ ರೋಗ ಬಂದಮೇಲೆ ಸಿಂಪಡಣೆ ಬರೀ ಕೊನೆಗೆ ನಿಲ್ಲಲಿಲ್ಲ, ಸೋಗೆಗೂ ಹೋಗುತ್ತೆ. ಯಾವ ತೋಟದ ಹಾಳೆ, ಯಾವಾಗ ಏನು ಹೊಡೆದಿದ್ರು ಅನ್ನೋದನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡೋ ಘಟಕ ಇದ್ರೆ, ಅವರನ್ನ ನಾನು ಯಾವ ಸರ್ಟಿಫಿಕೇಟ್‌ಗಿಂತಲೂ ಜಾಸ್ತಿ ನಂಬ್ತೀನಿ. ಇನ್ನು 2024ರ ಅಕ್ಟೋಬರ್‌ನಿಂದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬೇರೆ ಇದೆ. ಪರಿಸರಸ್ನೇಹಿ, ಹಸಿರು, ಸಾವಯವ ಅಂತೆಲ್ಲ ಹೇಳಿಕೊಂಡ್ರೆ ಅದಕ್ಕೆ ಆಧಾರ ಇಟ್ಟುಕೊಂಡಿರಬೇಕು. ಲೇಬಲ್ ಪ್ರಿಂಟ್ ಮಾಡಿಸೋಕೆ ಮುಂಚೆ ಇದನ್ನ ಒಂದ್ಸಲ ಓದಿ.

ಹಾಗಾದ್ರೆ ಯೂನಿಟ್ ಹಾಕೋದಾ ಬೇಡ್ವಾ? ಮೆಸೇಜ್ ಮಾಡಿದೋರಿಗೆ ನೇರ ಉತ್ತರ ಕೊಡ್ತೀನಿ. ಮನೆಯಲ್ಲಿ ತೋಟ ಇದೆ, ಅಥವಾ ಹತ್ತು ಹದಿನೈದು ಕಿಲೋಮೀಟರ್ ಒಳಗೆ ಹಾಳೆ ಸಿಗುತ್ತೆ, ನೀರು ಸೋರದ ಗೋಡೌನ್ ಇದೆ, ಡಿಸೆಂಬರ್‌ನಿಂದ ಮೇ ತನಕ ಹಾಳೆ ಕೊಳ್ಳೋಕೆ ಮಷೀನ್ ಸಾಲ ಬಿಟ್ಟು ಬೇರೆ ದುಡ್ಡು ಇದೆ ಅಂದ್ರೆ ಯೋಚನೆ ಮಾಡಿ. ಮಷೀನ್ ಮಾರೋರು "ತಟ್ಟೆ ನಾವೇ ವಾಪಸ್ ಕೊಳ್ತೀವಿ" ಅಂದ್ರೆ ಅದನ್ನ ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲ್ಲ ಅಂದ್ರೆ ಅಲ್ಲೇ ಎದ್ದು ಬನ್ನಿ. ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರ್ ಪ್ರತಿ ಬಿಲ್ ಮೇಲೆ ಹಾಕಿ, ಕೊಂಡವರ ಜೊತೆ 45 ದಿನ ಅಂತ ಬರವಣಿಗೆಯಲ್ಲಿ ಮಾಡ್ಕೊಳ್ಳಿ. ವಹಿವಾಟು 250 ಕೋಟಿ ದಾಟಿದ ಕಂಪನಿಗಳು ಟ್ರೆಡ್ಸ್ ಅನ್ನೋ ವೇದಿಕೆಗೆ ಸೇರಲೇಬೇಕು ಅಂತ ಈಗ ನಿಯಮ ಇದೆ. ಅವರು ನಿಮ್ಮ ಬಿಲ್ ಒಪ್ಪಿದ್ರೆ ಬ್ಯಾಂಕ್‌ಗಳು ಸಣ್ಣ ಬಡ್ಡಿ ಹಿಡಿದು ದುಡ್ಡು ಮೊದಲೇ ಕೊಡ್ತವೆ. ದೊಡ್ಡ ಕಂಪನಿಯ ಕ್ಯಾಂಟೀನ್‌ಗೆ ಕೊಡೋರಾದ್ರೆ ಇದನ್ನ ಕೇಳಿ ಪಡ್ಕೊಳ್ಳಿ, ಅವರಾಗಿ ಹೇಳಲ್ಲ.

ಬರೀ ರಫ್ತು ನಂಬಿಕೊಂಡು ಸಾಲ ಮಾಡಬೇಡಿ. ಒಂದು ದೇಶದ ಒಂದು ಪತ್ರದಿಂದ ನಿಂತುಹೋಗೋ ವ್ಯಾಪಾರ ಅದು.

ಒಬ್ಬೊಬ್ಬರೇ ಮಾಡೋಕಾಗದ ಕೆಲಸ ಪರೀಕ್ಷೆ. ಅದಕ್ಕೆ ಗುಂಪು ಬೇಕು. ಕೇಂದ್ರದ ಎಂಎಸ್‌ಇ ಕ್ಲಸ್ಟರ್ ಯೋಜನೆಯಲ್ಲಿ ಹತ್ತಾರು ಘಟಕಗಳು ಸೇರಿ ಒಂದು ಸಾಮಾನ್ಯ ಸೌಲಭ್ಯ ಕೇಂದ್ರ ಮಾಡ್ಕೋಬಹುದು. ಪರೀಕ್ಷಾ ಸೌಲಭ್ಯ, ಒಣಗಿಸೋ ವ್ಯವಸ್ಥೆ, ಗೋಡೌನ್ ಇಂಥದ್ದಕ್ಕೆ. ಅಡಿಕೆ, ತೆಂಗಿನ ಮೇಲೆನೇ ಕೆಲಸ ಮಾಡೋ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಕಾಸರಗೋಡಿನಲ್ಲಿದೆ, ಅದರ ಒಂದು ಕೇಂದ್ರ ನಮ್ಮ ವಿಟ್ಲದಲ್ಲೇ ಇದೆ. ಪುತ್ತೂರಿಂದ ಅರ್ಧ ಗಂಟೆ ದಾರಿ. ಈ ಭಾಗದಲ್ಲಿ ಅಡಿಕೆಗೆ ಬಲವಾದ ಸಹಕಾರಿ ಸಂಘಗಳಿವೆ, ಕ್ಯಾಂಪ್ಕೋ 1973ರಿಂದ ಇದೆ. ಕಾಯಿಗೆ ಸಂಘ ಕಟ್ಟಿದ ಊರು ಹಾಳೆಗೆ ಯಾಕೆ ಕಟ್ಟಬಾರದು ಅಂತ ನಾನು ಅಕ್ಕನನ್ನ ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ರು, ಸುತ್ತಮುತ್ತಲಿನ ಏಳೆಂಟು ಘಟಕದವರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರಂತೆ. ಮೊದಲು ಅದರಲ್ಲಿ ಬರ್ತಾ ಇದ್ದಿದ್ದು ಶುಭೋದಯ ಚಿತ್ರಗಳು. ಈಗ ಯಾರು ದುಡ್ಡು ಕೊಡ್ತಾರೆ, ಯಾರು ಸತಾಯಿಸ್ತಾರೆ ಅಂತ ವ್ಯಾಪಾರಿಗಳ ಪಟ್ಟಿ ಓಡಾಡ್ತಾ ಇದೆ. ಸತಾಯಿಸೋರಿಗೆ ಯಾರೂ ಮಾಲು ಕೊಡಬಾರದು ಅಂತ ಮಾತಾಗಿದೆ. "ಎಲ್ಲರೂ ಕೇಳ್ಬೇಕಲ್ಲ," ಅಂದ್ರು ಅಕ್ಕ. "ಒಬ್ಬರು ಹತ್ತು ಪೈಸೆ ಕಮ್ಮಿಗೆ ಕೊಟ್ಟರೆ ಮುಗೀತು."

ನೀವು ಕೊಳ್ಳೋರಾಗಿದ್ರೆ, ಆಫೀಸಲ್ಲಿ ಕ್ಯಾಂಟೀನ್ ಟೆಂಡರ್ ನೋಡ್ಕೊಳ್ಳೋರಾಗಿದ್ರೆ, ಎರಡು ಪ್ರಶ್ನೆ ಕೇಳಿ. ಈ ತಟ್ಟೆ ಯಾವ ತಾಲೂಕಿಂದ ಬಂತು? ಹೋದ ಸಲದ ಬಿಲ್ ಯಾವತ್ತು ಪಾಸ್ ಆಯ್ತು? ಎರಡನೇ ಪ್ರಶ್ನೆಗೆ ನಿಮ್ಮ ಅಕೌಂಟ್ಸ್‌ನವರು ಮುಖ ಸಿಂಡರಿಸಿದ್ರೆ ನನಗೊಂದು ಮೆಸೇಜ್ ಹಾಕಿ, ಕಂಪನಿ ಹೆಸರು ಬೇಡ, ದಿನ ಎಷ್ಟು ಅಂತ ಮಾತ್ರ. ಒಂದು ಸಣ್ಣ ಪಟ್ಟಿ ಮಾಡೋಣ.

ಡಿಸೆಂಬರ್‌ಗೆ ಹೊಸ ಹಾಳೆ ಬೀಳೋಕೆ ಶುರುವಾಗುತ್ತೆ. ನಾನು ಹೊರಡುವಾಗ ಅಕ್ಕ ಹಾಳೆ ಹೆಕ್ಕಿ ಕೊಡೋ ಮನೆಗಳ ಪಟ್ಟಿ ತೆಗೆದು ಕೂತಿದ್ರು, ಈ ಸಲ ಎಷ್ಟು ಮನೆಗೆ ಮುಂಗಡ ಕೊಡೋದು ಅಂತ. ಹೋದ ವರ್ಷ ಇಪ್ಪತ್ತೆರಡು ಮನೆ ಇತ್ತು. ಹದಿನಾಲ್ಕರ ಮುಂದೆ ಟಿಕ್ ಹಾಕಿ ಪೆನ್ನು ಹಿಡಿದುಕೊಂಡು ಯೋಚಿಸ್ತಾ ಇದ್ರು.

ಮುಂದಿನ ವಾರ ಬೆಳಗಾವಿಯ ಫೌಂಡ್ರಿಗಳು, ಯುರೋಪಿನ ಕಾರ್ಬನ್ ತೆರಿಗೆ. ಅಲ್ಲಿವರೆಗೆ ನಮಸ್ಕಾರ.